ಬೂದುಪಟ್ಟಿ: ಮಿಂಚಂಚೆಯ ಬಾಗಿಲಲ್ಲಿ ತಾಳ್ಮೆಯ ಪರೀಕ್ಷೆ

ಬಾಗಿಲಿಗೆ ಬಂದವರೆಲ್ಲರೂ ಅತಿಥಿಗಳಲ್ಲ. ಹಾಗೆಂದು ಬಂದವರಿಗೆಲ್ಲ ಕದವಿಕ್ಕುವುದೂ ಗೃಹಸ್ಥಧರ್ಮವಲ್ಲ. ಮಿಂಚಂಚೆಯನ್ನು ಸ್ವೀಕರಿಸುವ ಸರ್ವರಿನ ಮುಂದೆಯೂ ಇದೇ ಧರ್ಮಸಂಕಟವಿದೆ. ಬೇಡದ ಜಾಹೀರಾತು, ಮೋಸದ ಆಮಿಷಗಳನ್ನು ಹೊತ್ತು ಬರುವ ಸ್ಪ್ಯಾಮ್ ಪತ್ರಗಳನ್ನು ತಡೆಯದಿದ್ದರೆ ಕಚೇರಿಯ ಕಾರ್ಯವೇ ಮುಳುಗುವುದು; ಜರಡಿಯನ್ನು ಅತಿ ಬಿಗಿಗೊಳಿಸಿದರೆ ಬಡ ವಿದ್ಯಾರ್ಥಿಯೊಬ್ಬನ ವಿದ್ಯಾರ್ಥಿವೇತನದ ಪತ್ರವೂ ಜೊಳ್ಳಿನೊಡನೆ ಹಾರಿಹೋದೀತು. ಈ ಎರಡರ ನಡುವಣ ಮಾರ್ಗವೇ ‘ಗ್ರೇಲಿಸ್ಟಿಂಗ್’. ಕನ್ನಡದಲ್ಲಿ ಇದನ್ನು ಬೂದುಪಟ್ಟಿ ಎನ್ನಬಹುದು. ಇವಾನ್ ಹ್ಯಾರಿಸ್ ಎಂಬವರು 2003ರಲ್ಲಿ ಈ ಉಪಾಯವನ್ನು ವಿವರಿಸಿ ಪ್ರಕಟಿಸಿದರು.

ಇದರ ಬುನಾದಿ ಇನ್ನೂ ಹಳೆಯದು. ಮಿಂಚಂಚೆಯ ಸಾಗಣೆಗೆ 1982ರಲ್ಲಿ ರೂಪುಗೊಂಡ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ನಿರಾಕರಣೆ ಎರಡು ಬಗೆಯದು. 5ರಿಂದ ಆರಂಭವಾಗುವ ಉತ್ತರಸಂಖ್ಯೆ ಬಂದರೆ ಅದು ಶಾಶ್ವತ ನಿರಾಕರಣೆ. 4ರಿಂದ ಆರಂಭವಾದರೆ ‘ಈಗ ಆಗದು, ತುಸು ಹೊತ್ತಿನ ಅನಂತರ ಬನ್ನಿ’ ಎಂದರ್ಥ. ನಿಯಮವರಿತ ಸರ್ವರ್ ಪತ್ರವನ್ನು ಸರದಿಯಲ್ಲಿರಿಸಿಕೊಂಡು ಮತ್ತೆ ಬರುತ್ತದೆ. ಕ್ಷಣಕ್ಕೆ ಸಹಸ್ರಾರು ಪತ್ರಗಳನ್ನು ಎರಚುವ ಸ್ಪ್ಯಾಮ್ ತಂತ್ರಾಂಶಗಳಲ್ಲಿ ಅನೇಕವಕ್ಕೆ ಆ ತಾಳ್ಮೆಯಿಲ್ಲ; ಒಮ್ಮೆ ತಿರಸ್ಕೃತವಾದರೆ ಮತ್ತೆ ಆ ಬಾಗಿಲಿಗೆ ಬಾರವು.

ಬೂದುಪಟ್ಟಿ ಪತ್ರದ ಒಡಲನ್ನು ಓದುವುದಿಲ್ಲ. ಕಳುಹಿಸುವ ಯಂತ್ರದ ಐಪಿ ವಿಳಾಸ, ಕಳುಹಿಸಿದವರ ವಿಳಾಸ, ಪಡೆಯುವವರ ವಿಳಾಸ ಎಂಬ ಮೂರನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಈ ತ್ರಯ ಹೊಸದಾದರೆ ತಾತ್ಕಾಲಿಕ ನಿರಾಕರಣೆ. ನಿಗದಿತ ಅವಧಿ ಕಳೆದ ಮೇಲೆ ಅದೇ ತ್ರಯ ಮರಳಿದರೆ ಪ್ರವೇಶ.

ಪೋಸ್ಟ್‌ಫಿಕ್ಸ್ ಎಂಬ ಅಂಚೆ ಸರ್ವರಿನಲ್ಲಿ ಈ ಕಾರ್ಯಕ್ಕೆ ‘ಪೋಸ್ಟ್‌ಗ್ರೇ’ ಎಂಬ ಸಹಾಯಕ ತಂತ್ರಾಂಶವುಂಟು. ಡೆಬಿಯನ್ ವ್ಯವಸ್ಥೆಯಲ್ಲಿ ಅದು ಅದೇ ಯಂತ್ರದ 10023ನೆಯ ಪೋರ್ಟಿನಲ್ಲಿ ಕಾದಿರುತ್ತದೆ. ಪೋಸ್ಟ್‌ಫಿಕ್ಸಿನ ಮುಖ್ಯ ಕಡತದಲ್ಲಿ, ಪತ್ರ ಪಡೆಯುವವರಿಗೆ ಸಂಬಂಧಿಸಿದ ನಿರ್ಬಂಧಗಳ ಸಾಲಿನಲ್ಲಿ, ಈ ಪೋರ್ಟನ್ನು ಸೂಚಿಸಬೇಕು. ಇಲ್ಲಿ ಅನುಕ್ರಮವೇ ಮುಖ್ಯ. ಮೊದಲು ಸ್ವಂತ ಜಾಲದವರಿಗೂ ಗುಪ್ತಪದ ನೀಡಿ ಬಂದವರಿಗೂ ಅನುಮತಿ, ಬಳಿಕ ತನಗೆ ಸೇರದ ವಿಳಾಸಗಳಿಗೆ ಹೋಗುವ ಪತ್ರಗಳ ನಿರಾಕರಣೆ, ಕಡೆಯಲ್ಲಿ ಬೂದುಪಟ್ಟಿ. ಕ್ರಮ ತಪ್ಪಿದರೆ ಮನೆಯವರೇ ಹೊಸ್ತಿಲಾಚೆ ಕಾಯಬೇಕಾದೀತು.

ಪೋಸ್ಟ್‌ಗ್ರೇ ಬೇರೆ ಆದೇಶವಿಲ್ಲದಿದ್ದರೆ 300 ಸೆಕೆಂಡು ಕಾಯಿಸುತ್ತದೆ. 2 ದಿನಗಳೊಳಗೆ ಮರಳಿದವರನ್ನು ಒಪ್ಪುತ್ತದೆ. 35 ದಿನ ಸುಳಿವಿಲ್ಲದ ದಾಖಲೆಯನ್ನು ಅಳಿಸುತ್ತದೆ. ಐದು ಬಾರಿ ಸರಿಯಾಗಿ ನಡೆದುಕೊಂಡ ಯಂತ್ರಕ್ಕೆ ಅನಂತರ ಪರೀಕ್ಷೆಯೇ ಇಲ್ಲ. ಇಲ್ಲೊಂದು ಎಚ್ಚರ ಅಗತ್ಯ: ಕಾಯಿಸುವುದು ಐದೇ ನಿಮಿಷವಾದರೂ, ಮರಳಿ ಬರುವ ಹೊತ್ತು ಕಳುಹಿಸುವವರ ಕೈಯಲ್ಲಿದೆ. ಅದು ಅರ್ಧಗಂಟೆಯೋ ಅದಕ್ಕೂ ಹೆಚ್ಚೋ ಆಗಬಹುದು. ಕೆಲವೇ ನಿಮಿಷ ಬಾಳುವ ಓಟಿಪಿ ಸಂಖ್ಯೆ ಅಷ್ಟರಲ್ಲಿ ನಿರರ್ಥಕವಾಗುತ್ತದೆ. ದೊಡ್ಡ ಸಂಸ್ಥೆಗಳ ಪತ್ರ ಪ್ರತಿ ಬಾರಿಯೂ ಬೇರೆ ಬೇರೆ ಯಂತ್ರದಿಂದ ಬಂದು, ಮತ್ತೆ ಮತ್ತೆ ಹೊಸಬನಂತೆ ನಿಲ್ಲುವುದೂ ಉಂಟು. ಆದುದರಿಂದ ಬ್ಯಾಂಕು, ಪರೀಕ್ಷಾ ಮಂಡಳಿ, ಪ್ರಮುಖ ಅಂಚೆ ಸೇವೆಗಳ ಯಂತ್ರಗಳನ್ನು ಮೊದಲೇ ಬಿಳಿಪಟ್ಟಿಗೆ ಸೇರಿಸಿ, ಆರಂಭದ ವಾರಗಳಲ್ಲಿ ದಾಖಲೆ ಕಡತವನ್ನು ದಿನವೂ ಪರಿಶೀಲಿಸುವುದು ನಿರ್ವಾಹಕನ ಕರ್ತವ್ಯ.

ಇದು ಸರ್ವರೋಗಕ್ಕೂ ಮದ್ದಲ್ಲ. ಮರಳಿ ಬರುವುದನ್ನು ಕಲಿತ ಸ್ಪ್ಯಾಮಿಗನನ್ನೂ, ಅನ್ಯರ ನೈಜ ಖಾತೆಯನ್ನು ಕದ್ದು ಕಳುಹಿಸುವವನನ್ನೂ ಇದು ತಡೆಯಲಾರದು. ಅದಕ್ಕೆ ಇತರ ಶೋಧಕಗಳು ಬೇಕು. ಆದರೂ ಈ ಮಾರ್ಗದ ಹಿರಿಮೆ ಒಂದುಂಟು. ಅಪರಿಚಿತನನ್ನು ಇದು ಕಳ್ಳನೆಂದು ನಿರ್ಣಯಿಸಿ ಹೊರದಬ್ಬುವುದಿಲ್ಲ. ಮತ್ತೊಮ್ಮೆ ಬರಲು ಹೇಳುತ್ತದೆ. ನಿಯಮ ಪಾಲಿಸುವವನ ಪತ್ರ ತಡವಾದೀತೇ ಹೊರತು ತಪ್ಪಿಹೋಗದು.