ಹೊಳೆಯ ಅಸಲು, ಹೊಳೆಯ ಬಡ್ಡಿ

"ತಾತ, ಇದು ಹೊಳೆನಾ? ನೀರೇ ಇಲ್ವಲ್ಲ!"

ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಚಳ್ಳಕೆರೆ ತಾಲ್ಲೂಕಿನ ನಮ್ಮೂರಿಗೆ ಕರೆದುಕೊಂಡು ಹೋಗಿದ್ದೆ. ವೇದಾವತಿಯ ದಡದಲ್ಲಿ ನಿಂತು ಅವಳು ಹೀಗೆ ಕೇಳಿದಾಗ ನನಗೆ ತಟ್ಟನೆ ಉತ್ತರ ಹೇಳಲಾಗಲಿಲ್ಲ. ಎದುರಿಗಿದ್ದದ್ದು ಗುಂಡಿ ಬಿದ್ದ ಒಣನೆಲ, ಅದರ ತುಂಬ ಬಳ್ಳಾರಿ ಜಾಲಿ.

ನಾನು ಅವಳಷ್ಟಿದ್ದಾಗಲೂ ಬೇಸಿಗೆಯಲ್ಲಿ ಈ ಹೊಳೆ ಹರಿಯುತ್ತಿರಲಿಲ್ಲ. ಆದರೆ ಅದು ಸತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಅವ್ವ ಬಿಂದಿಗೆ ಹಿಡಿದು ಹೊರಟರೆ ನಾನು ತೆಂಗಿನ ಚಿಪ್ಪು ಹಿಡಿದು ಹಿಂದೆ ಓಡುತ್ತಿದ್ದೆ. ಮರಳನ್ನು ಮೊಣಕೈ ಆಳ ತೋಡಿದರೆ ಸಾಕು, ತಣ್ಣನೆಯ ನೀರು ಜಿನುಗುತ್ತಿತ್ತು. ಅದೇ ಒರತೆ. ಮೊದಲು ಬಂದ ಕೆಂಪು ನೀರನ್ನು ಮೊಗೆದು ಚೆಲ್ಲಿ, ತಿಳಿಯಾದ ಮೇಲೆ ಬಿಂದಿಗೆ ತುಂಬುವುದು ನನ್ನ ಕೆಲಸ. ಬಂಡೆಯ ಬದಿಯ ಮಡುವಿನಲ್ಲಿ ಮೀನುಗಳು ಮುಂದಿನ ಮಳೆಯವರೆಗೆ ಜೀವ ಹಿಡಿದಿರುತ್ತಿದ್ದವು. ಟಿಟ್ಟಿಭ ಹಕ್ಕಿ ಬಯಲಲ್ಲೇ ಮೊಟ್ಟೆಯಿಟ್ಟು, ನಮ್ಮನ್ನು ಕಂಡರೆ ಕೂಗಿ ಓಡಿಸುತ್ತಿತ್ತು.

ವೇದಾ, ಅವತಿ ಎಂಬ ಎರಡು ಹೊಳೆಗಳು ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಮಳೆ ಕಡಿಮೆಯಿರುವ ಬಯಲುಸೀಮೆಯನ್ನು ದಾಟಿ, ಹಗರಿ ಎಂಬ ಹೆಸರಿನಲ್ಲಿ ಅದು ತುಂಗಭದ್ರೆಯನ್ನು ಸೇರುತ್ತದೆ. ಇಂಥ ಹೊಳೆ ವರ್ಷದಲ್ಲಿ ಕೆಲವೇ ದಿನ ಮೇಲೆ ಹರಿಯುತ್ತದೆ. ಉಳಿದ ದಿನ ಅದರ ಬದುಕೆಲ್ಲ ಮರಳಿನ ಒಳಗೆ.

ಬೇಕಾದರೆ ನೀವೇ ನೋಡಿ, ಮಕ್ಕಳೇ. ಒಂದು ಪಾತ್ರೆಯ ತುಂಬ ಒಣ ಮರಳು ಹಾಕಿ, ಲೋಟದಿಂದ ಅಳೆದು ನಿಧಾನವಾಗಿ ನೀರು ಹುಯ್ಯಿರಿ. ಪಾತ್ರೆಯ ಸುಮಾರು ಮೂರನೇ ಒಂದು ಪಾಲಿನಷ್ಟು ನೀರು ಮರಳಿನ ಸಂದಿಯಲ್ಲಿ ಅಡಗಿ ಕೂರುತ್ತದೆ. ಹೊಳೆಯಲ್ಲಿ ಹೀಗೆ ಎರಡು ಮೂರು ಅಡಿ ಕೆಳಗೆ ಇಳಿದ ನೀರನ್ನು ಬಿಸಿಲು ಅಷ್ಟು ಸುಲಭವಾಗಿ ಹೀರಲಾರದು. ದಡದ ಬಾವಿಗಳಿಗೆ, ಹೊಂಗೆ ಮರಗಳ ಬೇರಿಗೆ ಸಿಗುವುದು ಇದೇ ನೀರು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಕಣ್ಣು ಮಂಜಾಗಿಸಿಕೊಂಡವನು ನಾನು. ನನ್ನ ಲೆಕ್ಕದಲ್ಲಿ ಮರಳು ಅಸಲು, ಒರತೆ ಬಡ್ಡಿ. ನಮ್ಮ ಹಿರಿಯರು ಬಡ್ಡಿಯಲ್ಲಿ ಬದುಕಿದರು. ನಾವು ಅಸಲನ್ನೇ ಲಾರಿಗೆ ತುಂಬಿ ಕಳಿಸಿದೆವು. ಮೇಲೆ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಎಷ್ಟೋ ಹೊಲ ತೋಟಗಳಿಗೆ ನೀರು ಕೊಟ್ಟಿತು, ನಿಜ. ಆದರೆ ಮಲೆನಾಡಿನಿಂದ ಬರುವ ಮರಳಿಗೂ ಅದೇ ಕೊನೆಯ ನಿಲ್ದಾಣ. ಹೀಗಾಗಿ ಕೆಳಗೆ ತೆಗೆದಷ್ಟು ಮರಳು ಮತ್ತೆ ಬಂದು ತುಂಬುವುದಿಲ್ಲ.

ಬೇರೆಯವರನ್ನು ದೂರುವ ಮೊದಲು ನನ್ನ ಲೆಕ್ಕ ಒಪ್ಪಿಸಬೇಕು. 1984ರಲ್ಲಿ ನಾನು ಮನೆ ಕಟ್ಟಿಸಿದಾಗ ಎಂಟು ಲಾರಿ ಮರಳು ಬಂತು, ಇದೇ ಹೊಳೆಯಿಂದ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದೆ. ಆಗ ಅವ್ವ, "ನೀರಿನ ಮನೆ ಕೆಡವಿ ನಿನ್ನ ಮನೆ ಕಟ್ತೀಯೇನೋ?" ಎಂದಿದ್ದಳು. ನಾನು ನಕ್ಕುಬಿಟ್ಟಿದ್ದೆ.

1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಎಪ್ಪತ್ತು ದಾಟಿದ ನಾನು ನಮ್ಮ ಹೊಳೆ ಎರಡೂ ದಡ ತುಂಬಿ ಹರಿಯುವುದನ್ನು ಕಂಡು ಕೈಮುಗಿದೆ. ಆದರೆ ನೀರು ಇಳಿದ ಮೇಲೆ ಕಂಡದ್ದೇ ಬೇರೆ. ಮರಳು ಉಳಿದಿದ್ದ ತಿರುವಿನಲ್ಲಿ ಬಹಳ ದಿನ ಒರತೆ ಸಿಕ್ಕಿತು. ಮರಳು ಬಗೆದಿದ್ದ ಕಡೆ ನೆಲ ಬೇಗನೆ ಬಿರುಕು ಬಿಟ್ಟಿತು. ನೀರು ಬಂದರೂ ಹಿಡಿದಿಡುವ ಕೈ ಇರಲಿಲ್ಲ.

ಮೊಮ್ಮಗಳನ್ನು ಆ ತಿರುವಿಗೇ ಕರೆದುಕೊಂಡು ಹೋದೆ. ಹೊಂಗೆಯ ನೆರಳಲ್ಲಿ ಕುಳಿತು ಇಬ್ಬರೂ ಮರಳು ತೋಡಿದೆವು. ಮೊಣಕೈ ಆಳಕ್ಕೆ ಏನೂ ಇರಲಿಲ್ಲ. ಅವಳು ಬಿಡಲಿಲ್ಲ. ಭುಜದವರೆಗೆ ಕೈ ಇಳಿಸಿ, ಒಂದು ಹಿಡಿ ಮರಳು ತೆಗೆದು ನನ್ನ ಅಂಗೈಗೆ ಹಾಕಿದಳು.

"ತಾತ, ಒದ್ದೆ ಇದೆ! ಹೊಳೆ ಇಲ್ಲೇ ಇದೆ!"

ಆ ಗುಂಡಿಯನ್ನು ಅವಳೇ ಮುಚ್ಚಿದಳು. ಒಂದು ಹಿಡಿ ಮರಳೂ ಆಚೆ ಬೀಳದಂತೆ ಬಳಿದು ಮುಚ್ಚಿದಳು.