ದೇವರ ಘನತೆ: ಪಾಪ ಮತ್ತು ರಕ್ಷಣೆಯ ಬೋಧನೆಯಲ್ಲಿ ಅದರ ಸ್ಥಾನ

ಪಾಪವೆಂದರೇನು ಎಂಬ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ: ಅದು ಆಜ್ಞೆಯ ಉಲ್ಲಂಘನೆ, ಇಲ್ಲವೆ ನೆರೆಯವನಿಗೆ ಮಾಡಿದ ಕೇಡು. ಎರಡೂ ಸತ್ಯವೇ. ಆದರೆ ಅಪೊಸ್ತಲನಾದ ಪೌಲನು ಇವೆರಡಕ್ಕೂ ಬೇರಾದುದನ್ನು ಮೊದಲು ಹೇಳುತ್ತಾನೆ: ಜನರು ದೇವರನ್ನು ಅರಿತಿದ್ದರೂ ಆತನನ್ನು ದೇವರೆಂದು ಘನಪಡಿಸಲಿಲ್ಲ (ರೋಮಾ. 1:21). ಮತ್ಸರ, ಕೊಲೆ, ಮೋಸಗಳ ಪಟ್ಟಿ ಅನಂತರ ಬರುತ್ತದೆ. ಹಾಗಾದರೆ ತನಗೆ ಮಾನ ಸಲ್ಲಲಿಲ್ಲವೆಂದು ದೇವರು ಮುನಿಯುವನೇ? ಆತನ ಮಾನಕ್ಕೂ ನಮ್ಮ ರಕ್ಷಣೆಗೂ ಏನು ಸಂಬಂಧ?

ಘನತೆ, ಮಹಿಮೆ ಎಂದು ನಾವು ಓದುವ ಹೀಬ್ರೂ ಪದ ‘ಕಾಬೋದ್’. ಅದರ ಮೂಲಾರ್ಥ ತೂಕ. ಕನ್ನಡದ ಕಿವಿಗೆ ಇದು ಹೊಸತಲ್ಲ. ‘ಗುರು’ವಿನಿಂದ ಬಂದ ‘ಗೌರವ’ದಲ್ಲಿಯೂ ‘ಘನ’ದಲ್ಲಿಯೂ ತೂಕದ ಅರ್ಥ ಅಡಗಿದೆ, ವಚನಕಾರರು ಪರವಸ್ತುವನ್ನೇ ಘನವೆಂದರು. ಅವಮಾನಿಸುವುದನ್ನು ನಾವು ‘ಹಗುರವಾಗಿ ಕಾಣುವುದು’ ಎನ್ನುತ್ತೇವೆ. ಏಲಿಯ ಮನೆತನಕ್ಕೆ ಬಂದ ದೈವೋಕ್ತಿಯಲ್ಲಿಯೂ (1 ಸಮು. 2:30) ಇದೇ ಪದಜೋಡಿಯಿದೆ: ದೇವರಿಗೆ ತೂಕ ಕೊಡುವವರಿಗೆ ತೂಕ ದೊರೆಯುವುದು, ತಿರಸ್ಕರಿಸುವವರು ಹಗುರಾಗುವರು. ತನ್ನ ಶ್ವಾಸವನ್ನು ಕೈಯಲ್ಲಿ ಹಿಡಿದಿರುವ ದೇವರನ್ನು ಘನಪಡಿಸಲಿಲ್ಲವೆಂಬುದೇ ಬೇಲ್ಶಚ್ಚರನ ಮೇಲಣ ಆರೋಪ, ತಕ್ಕಡಿಯಲ್ಲಿ ಅವನು ಕಡಿಮೆ ಕಂಡನೆಂಬುದೇ ತೀರ್ಪು (ದಾನಿ. 5:23, 27). ತೂಕ ಕಳೆದುಕೊಂಡವನು ದೇವರಲ್ಲ, ಅರಸನು.

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮನು 1098ರಲ್ಲಿ ಮುಗಿಸಿದ ‘ದೇವರು ಮನುಷ್ಯನಾದುದೇಕೆ’ ಎಂಬ ಗ್ರಂಥದಲ್ಲಿ, ದೇವರಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದೇ ಪಾಪವೆಂದು ನಿರೂಪಿಸಿದನು. ಊಳಿಗಮಾನ್ಯ ದೊರೆಯ ಸಿಟ್ಟನ್ನು ದೇವರ ಮೇಲೆ ಹೊರಿಸಿದನೆಂದು ಅವನನ್ನು ಆಕ್ಷೇಪಿಸುವುದುಂಟು. ಆದರೆ ದೇವರ ಮಾನವು ಸ್ವತಃ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲವೆಂದು ಅವನೇ ಸ್ಪಷ್ಟಪಡಿಸುತ್ತಾನೆ. ಪಾಪಿಯು ಕೆಡಿಸುವುದು ಸೃಷ್ಟಿಯ ಕ್ರಮವನ್ನು, ಸೌಂದರ್ಯವನ್ನು. ಆ ಕೇಡನ್ನು ಕಂಡೂ ಕಾಣದಂತೆ ಬಿಟ್ಟುಬಿಟ್ಟರೆ ನ್ಯಾಯಕ್ಕೂ ಅನ್ಯಾಯಕ್ಕೂ ಭೇದವೇ ಉಳಿಯದು.

ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಸೇವೆಮಾಡುವ ಸಭಾಪಾಲಕನಿಗೆ ಇದು ಬರಿಯ ತರ್ಕವಲ್ಲ. ಪಕ್ಕದ ಪಣಂಬೂರು ಬಂದರಿನ ಸರಕನ್ನು ಲಾರಿಸಹಿತ ತೂಗಿ ಲೆಕ್ಕವಿಡುವ ಕಡೆ, ಅದನ್ನು ಇಳಿಸಿದ ಗುತ್ತಿಗೆ ಕೆಲಸಗಾರನ ಕೂಲಿಯನ್ನು ಯಾರಾದರೂ ತಡೆಹಿಡಿದರೆ ಆ ಪಾಪ ಯಾರಿಗೆ ವಿರೋಧವಾದುದು? ಬಡವನನ್ನು ಬಾಧಿಸುವವನು ಅವನ ಸೃಷ್ಟಿಕರ್ತನನ್ನು ಹೀನೈಸುತ್ತಾನೆ, ಅವನಿಗೆ ದಯೆತೋರುವವನು ಆತನನ್ನು ಘನಪಡಿಸುತ್ತಾನೆ ಎಂಬುದು ಜ್ಞಾನೋಕ್ತಿಯ ಉತ್ತರ (14:31). ಊರೀಯನ ಕೊಲೆಯ ವಿಷಯದಲ್ಲಿ ನಾತಾನನು ದಾವೀದನ ಮೇಲೆ ಹೊರಿಸಿದ್ದೂ ದೇವರನ್ನು ತಿರಸ್ಕರಿಸಿದ ಅಪರಾಧವನ್ನೇ (2 ಸಮು. 12:9-10). ಪಾಪವು ಇಬ್ಬರು ಮನುಷ್ಯರ ನಡುವಣ ವ್ಯವಹಾರವಷ್ಟೇ ಆಗಿದ್ದರೆ ಊರೀಯನು ಸತ್ತೊಡನೆ, ಕೂಲಿಯವನು ಹೆದರಿ ಸುಮ್ಮನಾದೊಡನೆ ಮೊಕದ್ದಮೆ ಮುಗಿಯುತ್ತಿತ್ತು. ದೇವರ ಮಾನವು ಅದನ್ನು ಮುಗಿಯಗೊಡದು. ಆದುದರಿಂದ ಆತನ ಘನತೆಯೇ ದುರ್ಬಲನಿಗೆ ಆಶ್ರಯ.

ರಕ್ಷಣೆಯ ಬೋಧನೆಗೂ ಇದೇ ತಳಹದಿ. ಪಾಪಕ್ಕೆ ಪರಿಹಾರ ಸಲ್ಲಬೇಕು, ಇಲ್ಲವೆ ದಂಡನೆಯಾಗಬೇಕು ಎಂದು ಅನ್ಸೆಲ್ಮನು ವಾದಿಸಿದನು. ಇವೆರಡೂ ಒಂದೇ ಎಂಬಂತೆ ಪ್ರಸಂಗಿಸುವುದುಂಟು. ಅವನಿಗೆ ಇವು ಪರ್ಯಾಯಗಳು. ಋಣ ಮನುಷ್ಯನದು, ತೀರಿಸುವ ಶಕ್ತಿ ದೇವರದು. ಆದಕಾರಣ ದೇವರೇ ಮನುಷ್ಯನಾದನು. ಕ್ರಿಸ್ತನು ತನಗೊಪ್ಪಿಸಿದ ಕೆಲಸವನ್ನು ಪೂರೈಸಿ ತಂದೆಯನ್ನು ಭೂಮಿಯ ಮೇಲೆ ಮಹಿಮೆಪಡಿಸಿದನು (ಯೋಹಾ. 17:4). ಮರಣಪರ್ಯಂತವಾದ ಆತನ ವಿಧೇಯತೆ ತಂದೆಯ ಘನತೆಯಲ್ಲಿ ಕೊನೆಮುಟ್ಟುತ್ತದೆ (ಫಿಲಿ. 2:8-11). ಆತನಲ್ಲಿರುವವರಿಗೆ ರಕ್ಷಣೆಯೆಂದರೆ ದಂಡನೆಯಿಂದ ಬಿಡುಗಡೆ ಮಾತ್ರವಲ್ಲ, ಕಳೆದುಹೋದ ತೂಕ ಮರಳಿ ದೊರೆಯುವುದು. ನಿತ್ಯ ಮಹಿಮೆಯನ್ನು ಪೌಲನು ತೂಕವುಳ್ಳದ್ದೆಂದೇ ವರ್ಣಿಸುತ್ತಾನೆ (2 ಕೊರಿ. 4:17).

ಕೂಲಿ ತಡೆಹಿಡಿದವನಿಗೂ ಈ ಕೃಪೆ ಉಚಿತವಾದುದೇ. ಅದನ್ನು ಕೊಳ್ಳಲು ಅವನು ಕೂಲಿಯನ್ನು ಹಿಂದಿರುಗಿಸಬೇಕಾಗಿಲ್ಲ. ಆದರೆ ಕೃಪೆ ಹೊಂದಿದ ಮೇಲೆಯೂ ಅದನ್ನು ಕೈಯಲ್ಲಿಯೇ ಹಿಡಿದು ಸ್ತುತಿಗೀತೆ ಹಾಡುವವನು ದೇವರನ್ನು ಇನ್ನೂ ಹಗುರವಾಗಿಯೇ ಕಾಣುತ್ತಿದ್ದಾನೆ. ಅದನ್ನು ಅವನಿಗೆ ತಿಳಿಸುವುದು ವಾಕ್ಯಸೇವಕನ ಕರ್ತವ್ಯ.