ಕೊಳವೆಯ ಅನಿಲದ ದರ: ನಿರ್ಣಯಿಸುವವರು ಯಾರು?

ಅಡಿಗೆಯ ಅನಿಲವು ಸಿಲಿಂಡರಿನಲ್ಲಿ ಬರುವುದಕ್ಕೂ ಕೊಳವೆಯಲ್ಲಿ ಬರುವುದಕ್ಕೂ ಇರುವ ಭೇದವು ಸೌಕರ್ಯದ ಮಾತಷ್ಟೇ ಅಲ್ಲ. ಸಿಲಿಂಡರನ್ನು ಮಾರುವ ಕಂಪೆನಿಗಳು ಹಲವಿವೆ. ಕೊಳವೆಯಾದರೋ ಬೀದಿಗೆ ಒಂದೇ. ಅದರ ಪಕ್ಕದಲ್ಲಿ ಎರಡನೆಯದನ್ನು ಹೂಳುವುದು ಧನದ ಅಪವ್ಯಯ. ಆದುದರಿಂದ ಈ ವ್ಯಾಪಾರವು ಸ್ವಭಾವತಃ ಏಕಸ್ವಾಮ್ಯದ್ದು. ಏಕಸ್ವಾಮ್ಯವಿರುವೆಡೆ ಪೈಪೋಟಿಯು ದರವನ್ನು ಹದದಲ್ಲಿಡಲಾರದು; ಬೇರೊಬ್ಬರು ಇಡಬೇಕು. ಆ ಬೇರೊಬ್ಬರು ಯಾರೆಂಬುದೇ ಪ್ರಕೃತ ಲೇಖನದ ವಿಚಾರ.

ಹೈದರಾಬಾದಿನಲ್ಲಿ ಈ ಕಾರ್ಯವನ್ನು ವಹಿಸಿಕೊಂಡಿರುವುದು ಭಾಗ್ಯನಗರ ಗ್ಯಾಸ್ ಲಿಮಿಟೆಡ್. ಗೇಲ್ ಮತ್ತು ಹಿಂದುಸ್ತಾನ್ ಪೆಟ್ರೋಲಿಯಂ ಸಂಸ್ಥೆಗಳು ಕೂಡಿ 2003ರಲ್ಲಿ ಇದನ್ನು ಸ್ಥಾಪಿಸಿದವು. ನಮ್ಮ ಕುಷಾಯಿಗೂಡಕ್ಕೆ ಬಹು ದೂರವಲ್ಲದ ಶಾಮೀರ್‌ಪೇಟೆಯಲ್ಲಿ ಅದರ ಮುಖ್ಯ ಅನಿಲಕೇಂದ್ರವಿದೆ. ಗೃಹಸ್ಥನು ತೆರುವ ಹಣವನ್ನು ಬಿಡಿಸಿ ನೋಡಿದರೆ ನಾಲ್ಕು ಅಂಶಗಳು ಕಾಣುತ್ತವೆ: ಅನಿಲದ ಮೂಲ ಬೆಲೆ, ದೂರದ ಸಾಗಣೆಯ ಸುಂಕ, ನಗರದೊಳಗಿನ ಹಂಚಿಕೆಯ ವೆಚ್ಚ ಹಾಗೂ ಲಾಭ, ಕೊನೆಗೆ ತೆರಿಗೆ.

ಇವುಗಳಲ್ಲಿ ಮೊದಲನೆಯದನ್ನು ಕೇಂದ್ರ ಸರ್ಕಾರದ ಸೂತ್ರವು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಿರೀಟ್ ಪಾರೀಖ್ ಸಮಿತಿಯ ಶಿಫಾರಸಿನ ಮೇಲೆ 2023ರ ಏಪ್ರಿಲಿನಲ್ಲಿ ಮಂತ್ರಿಮಂಡಲವು ಒಪ್ಪಿದ ಕ್ರಮದಂತೆ, ದೇಶದ ಹಳೆಯ ಬಾವಿಗಳ ಅನಿಲಕ್ಕೆ ಭಾರತವು ಕೊಳ್ಳುವ ಕಚ್ಚಾತೈಲದ ಸರಾಸರಿ ಬೆಲೆಯ ಶೇಕಡ 10ರಷ್ಟು ದರ. ಹತ್ತು ಲಕ್ಷ ಬ್ರಿಟಿಷ್ ಉಷ್ಣಮಾನಕ್ಕೆ ಕೆಳಮಿತಿ 4 ಡಾಲರು, ಮೇಲ್ಮಿತಿ 6.5 ಡಾಲರು. ಮೇಲ್ಮಿತಿಯು ಎರಡು ವರ್ಷ ಸ್ಥಿರವಾಗಿದ್ದು, ತರುವಾಯ ವರ್ಷಕ್ಕೆ ಕಾಲು ಡಾಲರಿನಂತೆ ಏರತಕ್ಕದ್ದು. 2025ರ ಏಪ್ರಿಲಿನಲ್ಲಿ ಅದು 6.75 ಆಯಿತು. ಎರಡನೆಯದಾದ ಸಾಗಣೆಯ ಸುಂಕವನ್ನು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು ನಿಗದಿಮಾಡುತ್ತದೆ. ತೆರಿಗೆಯು ರಾಜ್ಯದ್ದು, ನೈಸರ್ಗಿಕ ಅನಿಲವು ಸರಕು ಮತ್ತು ಸೇವಾ ತೆರಿಗೆಯ ಹೊರಗುಳಿದಿರುವುದರಿಂದ ಹಿಂದಿನ ಮೌಲ್ಯವರ್ಧಿತ ತೆರಿಗೆಯೇ ಅದಕ್ಕೆ ಅನ್ವಯಿಸುತ್ತದೆ.

ಉಳಿದುದು ಮೂರನೆಯ ಅಂಶ. ಏಕಸ್ವಾಮ್ಯದ ನಿಜವಾದ ನೆಲೆಯು ಇದೇ. ಹೊರಗಿನ ಅಂಕೆ ಇಲ್ಲದಿರುವುದೂ ಇದಕ್ಕೇ. 2012ರಲ್ಲಿ ಮಂಡಳಿಯು ದೆಹಲಿಯ ಇಂದ್ರಪ್ರಸ್ಥ ಗ್ಯಾಸ್ ಸಂಸ್ಥೆಯ ಹಂಚಿಕೆಯ ಸುಂಕವನ್ನು ಇಳಿಸಿ ಆಜ್ಞೆಮಾಡಿತು. ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2015ರ ಜುಲೈ 1ರಂದು ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನೇ ಎತ್ತಿಹಿಡಿದು, ಇಂತಹ ಸಂಸ್ಥೆಯು ಗ್ರಾಹಕನಿಗೆ ಮಾರುವ ದರವನ್ನು ಗೊತ್ತುಮಾಡುವ ಅಧಿಕಾರವನ್ನು 2006ರ ಶಾಸನವು ಮಂಡಳಿಗೆ ಕೊಟ್ಟಿಲ್ಲವೆಂದು ನಿರ್ಣಯಿಸಿತು. ನಮ್ಮ ಪೌರಾಡಳಿತಕ್ಕಂತೂ ರಸ್ತೆ ಅಗೆಯಲು ಅನುಮತಿ ಕೊಡುವುದರಾಚೆಗೆ ಈ ವಿಷಯದಲ್ಲಿ ಮಾತಿಲ್ಲ.

ಇದಕ್ಕೆ ತೀರ ಭಿನ್ನವಾದ ಪದ್ಧತಿಯೊಂದು ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿದೆ. ಅಲ್ಲಿ ನಗರದ ಎಲ್ಲೆಯೊಳಗಿನ ಅನಿಲದರದ ಮೇಲೆ ಪ್ರಥಮಾಧಿಕಾರವು ನಗರಸಭೆಯದು. ಮೇಲ್ಮನವಿಯನ್ನು ಕೇಳುವುದು ರೈಲ್‌ರೋಡ್ ಕಮಿಷನ್. ಹೆಸರು ರೈಲಿನದಾದರೂ ಅದರ ಇಂದಿನ ಕೆಲಸ ತೈಲ ಮತ್ತು ಅನಿಲಗಳದು. ಆಟ್ಮಾಸ್ ಎನರ್ಜಿ ಕಂಪೆನಿಯಿಂದ ಅನಿಲವನ್ನು ಪಡೆಯುವ 180ರಷ್ಟು ನಗರಗಳು ಒಂದು ಕೂಟವನ್ನು ರಚಿಸಿಕೊಂಡಿವೆ. ಕನ್ನಡಿಗರು ನೆಲೆಸಿರುವ ಪ್ಲೇನೋ, ಅರ್ವಿಂಗ್, ಫ್ರಿಸ್ಕೋಗಳೂ ಅದರಲ್ಲಿ ಸೇರಿವೆ. ಕಂಪೆನಿಯು ಪ್ರತಿವರ್ಷ ಲೆಕ್ಕಪತ್ರಗಳೊಡನೆ ತನ್ನ ಬೇಡಿಕೆಯನ್ನು ಸಲ್ಲಿಸುತ್ತದೆ; ಕೂಟದ ತಜ್ಞರು ಅದನ್ನು ಪರಿಶೀಲಿಸಿ ಚೌಕಾಸಿ ನಡೆಸುತ್ತಾರೆ; ಕುದುರಿದ ದರವನ್ನು ಒಪ್ಪುವುದೋ ಬಿಡುವುದೋ ಎಂದು ಒಂದೊಂದು ನಗರಸಭೆಯೂ ಪ್ರತ್ಯೇಕವಾಗಿ ಮತ ನೀಡುತ್ತದೆ. 2024ರಲ್ಲಿ ಕಂಪೆನಿಯು ಕೇಳಿದ ಹೆಚ್ಚುವರಿ ಆದಾಯ 19.68 ಕೋಟಿ ಡಾಲರು. ಕೂಟದೊಡನೆ ಮೊದಲೇ ಒಪ್ಪಿದ್ದ ನಿಯಮಗಳನ್ನು ಅನ್ವಯಿಸಿದೊಡನೆ ಅದು 18.25 ಕೋಟಿಗೆ ಇಳಿಯಿತು. ತಜ್ಞರು 14.96 ಕೋಟಿ ಸಾಕೆಂದರು, ಕೊನೆಗೆ 16.47 ಕೋಟಿಗೆ ರಾಜಿಯಾಯಿತು.

ಈ ಸ್ವಾತಂತ್ರ್ಯವನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ರಾಜಿಯನ್ನು ನಿರಾಕರಿಸಿದ ನಗರದ ವಿರುದ್ಧ ಕಂಪೆನಿಯು ಕಮಿಷನ್ನಿಗೆ ಹೋಗಬಹುದು. ನಗರಗಳು ವಾದಕ್ಕೆ ಮಾಡುವ ಯುಕ್ತ ವೆಚ್ಚವನ್ನು ಕಂಪೆನಿಯು ತುಂಬಿಕೊಡಬೇಕಾದರೂ, ಅದು ಬಳಸುದಾರಿಯಲ್ಲಿ ಗ್ರಾಹಕನ ಬಿಲ್ಲಿಗೇ ಬಂದು ಸೇರುತ್ತದೆ. ಅನಿಲದ ಮೂಲ ಬೆಲೆಯು ಈ ಚೌಕಾಸಿಗೆ ಒಳಪಟ್ಟುದಲ್ಲ. ಆದುದರಿಂದ ಸಭೆಯ ಸದಸ್ಯನು ಬಹುಸಲ ಮನಸ್ಸಿಲ್ಲದೆಯೇ ಕೈಯೆತ್ತುತ್ತಾನೆ. ಆದರೂ ಮೂರು ಸಂಗತಿಗಳು ಅಲ್ಲಿ ನಡೆದಿರುತ್ತವೆ: ಬೇಡಿಕೆಯು ಕಾರಣಸಹಿತವಾಗಿ ಕಾಗದದ ಮೇಲೆ ಬಂದಿರುತ್ತದೆ, ಕಂಪೆನಿಯ ಹೊರಗಿನವರೊಬ್ಬರು ಲೆಕ್ಕವನ್ನು ನೋಡಿರುತ್ತಾರೆ, ಒಪ್ಪಿದವರ ಹೆಸರು ದಾಖಲಾಗಿರುತ್ತದೆ.

ಇಂತಹ ಕ್ರಮವು ನಮಗೆ ಅಪರಿಚಿತವೇನಲ್ಲ. ಅದೇ ಮನೆಯ ವಿದ್ಯುತ್ತಿನ ದರವನ್ನು ಏರಿಸಬೇಕಾದರೆ, 2003ರ ವಿದ್ಯುತ್ ಶಾಸನದಂತೆ ಕಂಪೆನಿಯು ತನ್ನ ಅರ್ಜಿಯನ್ನು ಪ್ರಕಟಿಸಬೇಕು; ರಾಜ್ಯದ ನಿಯಂತ್ರಣ ಆಯೋಗವು ಸಾರ್ವಜನಿಕರ ಆಕ್ಷೇಪಗಳನ್ನು ಪರಿಗಣಿಸಿ 120 ದಿನಗಳೊಳಗೆ ಆಜ್ಞೆ ಹೊರಡಿಸಬೇಕು. ಅಡಿಗೆಮನೆಯ ದೀಪಕ್ಕೆ ಇರುವ ಈ ಹಕ್ಕು ಅದೇ ಅಡಿಗೆಮನೆಯ ಒಲೆಗೆ ಇಲ್ಲ.

ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವುದುಂಟು. ಅನಿಲವು ತುಟ್ಟಿಯಾದರೆ ಗೃಹಸ್ಥನು ಸಿಲಿಂಡರಿಗೆ ಮರಳಬಹುದು, ಈ ಭಯವೇ ದರಕ್ಕೆ ಕಡಿವಾಣ ಎಂಬುದು ಒಂದು. ಇದು ಇಂದಿನ ಮಟ್ಟಿಗೆ ನಿಜ. ಆದರೆ ಸಿಲಿಂಡರನ್ನು ಒಪ್ಪಿಸಿ, ವಸತಿಸಮುಚ್ಚಯವೇ ಕೊಳವೆಗೆ ಒಗ್ಗಿದ ಮೇಲೆ ಮರಳುವುದು ಸುಲಭವಲ್ಲ. ಕಡಿವಾಣವು ವರ್ಷವರ್ಷಕ್ಕೂ ಸಡಿಲವಾಗುವುದು. ದರವನ್ನು ನಿಯಂತ್ರಿಸಿದರೆ ಕೊಳವೆಯ ವಿಸ್ತರಣಕ್ಕೆ ಬಂಡವಾಳ ದೊರೆಯದು ಎಂಬುದು ಇನ್ನೊಂದು. ಸಾಲಕೊಡುವವರ ದೃಷ್ಟಿಯನ್ನು ಬಲ್ಲವರಿಗೆ ಈ ಮಾತು ಅರ್ಧಸತ್ಯವೆಂದು ತೋರುತ್ತದೆ. ದೀರ್ಘಾವಧಿಯ ಸಾಲಕ್ಕೆ ಬೇಕಾದುದು ಅಧಿಕ ಲಾಭವಲ್ಲ, ನಿಶ್ಚಿತ ಆದಾಯ. ಪ್ರಕಟವಾದ ನಿಯಮವೇ ಆ ನಿಶ್ಚಯವನ್ನು ಕೊಡಬಲ್ಲುದು.

ಆದುದರಿಂದ ಟೆಕ್ಸಾಸಿನ ನಗರಸಭೆಯನ್ನು ಇಲ್ಲಿ ನಕಲುಮಾಡುವ ಅಗತ್ಯವಿಲ್ಲ. ಬಿಲ್ಲಿನಲ್ಲಿ ನಾಲ್ಕು ಅಂಶಗಳನ್ನೂ ಬೇರೆಬೇರೆಯಾಗಿ ನಮೂದಿಸುವುದು, ಏರಿಕೆಗೆ ಮುನ್ನ ಕಾರಣವನ್ನು ಪ್ರಕಟಿಸುವುದು, ಆಕ್ಷೇಪಕ್ಕೆ ಅವಕಾಶ ಕೊಡುವುದು ಆರಂಭಕ್ಕೆ ಸಾಕು. ಇವುಗಳಲ್ಲಿ ಮೊದಲನೆಯದಕ್ಕೆ ಕಂಪೆನಿಯ ಮನಸ್ಸು ಸಾಕು. ಉಳಿದವು ಹಕ್ಕಾಗಬೇಕಾದರೆ 2006ರ ಶಾಸನವನ್ನು ತಿದ್ದಬೇಕು. ಕೊಳವೆಯು ಇನ್ನೂ ಎಲ್ಲ ಬೀದಿಗಳನ್ನೂ ಮುಟ್ಟದಿರುವಾಗಲೇ ಈ ಮಾತನ್ನು ಎತ್ತುವುದು ಲೇಸು. ಒಲೆಯೆಲ್ಲ ಅದಕ್ಕೆ ಕೂಡಿಕೊಂಡ ಮೇಲೆ ಗ್ರಾಹಕನಿಗೆ ಉಳಿಯುವುದು ಹಣ ಕಟ್ಟುವ ಕೆಲಸ ಮಾತ್ರ.